ಕಪ್ಪೆಯ ತವರುಮನೆ

ಬಳ್ಳಾರಿ ಜಿಲ್ಲೆಯಲ್ಲಿ ಅತಿ ಹೆಚ್ಚು ಕಪ್ಪೆಗಳನ್ನು ಕೊಂದವರು ಯಾರು ಎಂದು ಒಂದು ಸ್ಪರ್ಧೆ ಇಟ್ಟರೆ, ಹಾವು, ಹದ್ದು, ಕೊಕ್ಕರೆಗಳನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ ಹೊಡೆಯುವವರು ನಮ್ಮ ಸೋದರಮಾವ! ಇದು ನನ್ನ ಚಾಡಿಯಲ್ಲ, ಅವರೇ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಮಾತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮಾವ, ಸರ್ಕಾರ ಬೇಡ ಎನ್ನುವವರೆಗೂ ಕಪ್ಪೆ ಕೊಯ್ದರು, ಕೊಯ್ಯಿಸಿದರು. ಇವತ್ತಿಗೂ ಅವರ ಜೊತೆ ಊರಿನ ಯಾವುದೇ ನರ್ಸಿಂಗ್ ಹೋಮಿಗೆ ಹೋದರೆ ಒಳಗಿನಿಂದ ಒಬ್ಬ ಡಾಕ್ಟರು ಎದ್ದು ಬಂದು, "ಸರ್, ಕೊಯ್ಯಾಕ ಕಲ್ತಿದ್ದು ನಿಮ್ಮ ಕೈಯಾಗ" ಎಂದು ಕಾಲು ಮುಟ್ಟುತ್ತಾರೆ. ಪಕ್ಕದಲ್ಲೇ ಆಪರೇಷನ್ನಿಗೆಂದು ಹಸಿರು ಬಟ್ಟೆ ಹೊದ್ದು ಮಲಗಿರುವ ರೋಗಿಯ ಎದೆ ಏನಾಗಬೇಡ? ಅಂಥ ಮನುಷ್ಯ ಈಗ ಕಪ್ಪೆಗಳಿಗೆ ತಂದೆಯಾಗಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ಬಹಳ ದಿನ ನಂಬಿರಲಿಲ್ಲ.

ಆ ಕಾಲದಲ್ಲಿ ಕಾಲೇಜಿಗೆ ಕಪ್ಪೆಗಳು ಬರುತ್ತಿದ್ದದ್ದು ಸಿರುಗುಪ್ಪದ ಭತ್ತದ ಗದ್ದೆಗಳಿಂದ. ಒಬ್ಬ ಮನುಷ್ಯ ಹಸಿ ಗೋಣಿಚೀಲದಲ್ಲಿ ತುಂಬಿಸಿ ಬೆಳಗಿನ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಒಮ್ಮೆ ಅವನಿಗೆ ಜ್ವರ ಬಂತೆಂದು ಮಾವ ತಾವೇ ಹೋಗಿ ಚೀಲ ಹೊತ್ತು ತಂದರು. ಪಾಠ ಮಾಡುವವರಿಗೆ ಗೋಣಿಚೀಲದ ಬಾಯಿ ಕಟ್ಟಲು ಬರುತ್ತದೆಯೇ? ದಾರಿಯ ನಡುವೆ ಬಾಯಿ ಬಿಚ್ಚಿಕೊಂಡು ಬಸ್ಸಿನ ತುಂಬ ಕಪ್ಪೆ! ಹೆಂಗಸರು ಕಾಲು ಮೇಲೆತ್ತಿ ಸೀಟಿನ ಮೇಲೆ ಕುಳಿತರು. ಒಂದು ಕಪ್ಪೆ ಕಂಡಕ್ಟರನ ಚೀಲಕ್ಕೇ ಹಾರಿ ಚಿಲ್ಲರೆಯ ನಡುವೆ ಕುಳಿತುಕೊಂಡಿತು.

"ಇವುಕ್ಕೆಲ್ಲಾ ಟಿಕೆಟ್ ಯಾರು ತಗಸ್ತೀರಿ?" ಎಂದ ಕಂಡಕ್ಟರ್.

"ಇವು ಪ್ರಯಾಣಿಕರಲ್ಲ, ಲಗೇಜು" ಎಂದು ಮಾವ ಗಂಭೀರವಾಗಿ ತಿದ್ದಿದರು.

"ಲಗೇಜು ಹಿಂಗ ಜಿಗಿಯಂಗಿಲ್ರಿ ಸರ್" ಎಂದನಂತೆ ಅವನು. ಮಾವನ ಆಯುಷ್ಯದಲ್ಲಿ ಅವರ ಬಾಯಿ ಕಟ್ಟಿದ ಒಬ್ಬನೇ ಮನುಷ್ಯ ಆ ಕಂಡಕ್ಟರ್ ಎಂದು ಅತ್ತೆ ಈಗಲೂ ಅವನನ್ನು ನೆನೆಯುತ್ತಾರೆ.

ಯಾಕೆಂದರೆ ತಿದ್ದುವುದು ಮಾವನ ಹುಟ್ಟುಗುಣ. ಪೇಪರು ಓದುತ್ತಾ ತಿದ್ದುತ್ತಾರೆ, ಪೂಜಾರಿಯ ಮಂತ್ರವನ್ನು ತಿದ್ದುತ್ತಾರೆ, ಉಪ್ಪಿಟ್ಟು ತಿನ್ನುತ್ತಾ ಅತ್ತೆಯನ್ನು ತಿದ್ದಲು ಹೋಗಿ ಮಾತ್ರ ಅರ್ಧಕ್ಕೆ ನಿಲ್ಲಿಸುತ್ತಾರೆ. ಕೌಲ್ ಬಜಾರಿನಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಸಣ್ಣ ಘಟಕವಿದೆ. ಮಾವನನ್ನು ಸಂತೋಷಪಡಿಸಲೆಂದು ಪ್ಯಾಂಟಿನ ಹಿಂಬದಿಯ ಪಟ್ಟಿಯ ಮೇಲೆ ಕಪ್ಪೆಯ ಚಿತ್ರ ಹಾಕಿಸಿದೆ. ಮಾವ ಕನ್ನಡಕ ಏರಿಸಿ ನೋಡಿ, "ಮುಂಗಾಲಿಗೆ ನಾಲ್ಕು ಬೆರಳು ಇರ್ತಾವಲೇ, ನೀನು ಐದು ಮಾಡೀದಿ. ಇದನ್ನ ಹಾಕ್ಕೊಂಡು ಓಡಾಡಿದ್ರ ಜನ ತಪ್ಪು ಕಲೀತಾರ" ಎಂದರು. ಜನ ನನ್ನ ಪ್ಯಾಂಟಿನ ಹಿಂಬದಿ ನೋಡಿ ಪ್ರಾಣಿಶಾಸ್ತ್ರ ಕಲಿಯುತ್ತಾರೆಂದು ನನಗೇನು ಗೊತ್ತು! ಪಟ್ಟಿಗಳನ್ನೆಲ್ಲ ಬಿಚ್ಚಿಸಿದೆ.

ನಿವೃತ್ತರಾದ ಮೇಲೆ ಮಾವನಿಗೆ ಶುಗರ್ ಬಂತು. ಶಿಷ್ಯ ಡಾಕ್ಟರು ದಿನಾ ನಡೆಯಿರಿ ಎಂದರು. ಗಾಂಧಿನಗರದ ತಮ್ಮ ಮನೆಯಿಂದ ಹೊರಬಿದ್ದರೆ ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ ನಿಲ್ಲಿಸಿ ಮಾತಾಡಿಸುತ್ತಿದ್ದ. ನಡಿಗೆಗಿಂತ ನಿಲುಗಡೆಯೇ ಜಾಸ್ತಿಯಾಯಿತು. ಸಂಗನಕಲ್ಲಿನ ಗುಡ್ಡ ಹತ್ತಿದರು. ಆದಿಮಾನವರ ನೆಲೆ ನೋಡಲು ಬಂದವರು ಇವರನ್ನೇ ಗೈಡ್ ಎಂದು ತಿಳಿದು ಸುತ್ತುಗಟ್ಟಿದರು. ಕೊನೆಗೆ ಕುರುಗೋಡಿನ ಬಸ್ಸು ಹಿಡಿದು, ಅಲ್ಲಿಂದಾಚೆಗಿನ ಒಂದು ಸಣ್ಣ ಊರಿನ ಹಿಂದಿದ್ದ ಕಲ್ಲುಗುಡ್ಡಕ್ಕೆ ಹೋಗಿ ಬರತೊಡಗಿದರು. ಆ ಗುಡ್ಡದ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಒಂದು ಕಲ್ಲಿನ ಹೊಂಡವಿದೆ. ದೊಣೆ ಎನ್ನುತ್ತಾರೆ. ಒಂದು ಸಂಜೆ ಮುಂಗಾರಿನ ಮೊದಲ ಮಳೆ ಮಾವನನ್ನು ಆ ದೊಣೆಯ ಹತ್ತಿರ ಹಿಡಿದುಬಿಟ್ಟಿತು.

ಒದ್ದೆಯಾಗಿ ಮನೆಗೆ ಬಂದವರು ಟವೆಲು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಅಂದು ನಾನೂ ಅಲ್ಲಿದ್ದೆ. ಬಂಡೆಯ ಸೀಳುಗಳಿಂದ, ಅಂಚಿನ ಮಣ್ಣಿನೊಳಗಿನಿಂದ, ವರ್ಷವಿಡೀ ಎಲ್ಲಿದ್ದವೋ ಗೊತ್ತಿಲ್ಲದ ಸಣ್ಣ ಕಪ್ಪೆಗಳು ಎದ್ದು ಬಂದವಂತೆ. ಒರಟು ಬೆನ್ನು, ಬಂಗಾರದ ಅಂಚಿನ ಕಣ್ಣು. ಸಿರುಗುಪ್ಪದ ಗದ್ದೆಯ ಕಪ್ಪೆಯಲ್ಲ ಅದು, ಎಲ್ಲೆಂದರಲ್ಲಿ ಸಿಗುವ ಜಾತಿಯೂ ಅಲ್ಲ. ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಅವಕ್ಕೆ ಬೇರೆ ಮನೆಯಿಲ್ಲ. ಕಲ್ಲುಗುಡ್ಡಗಳೋ, ನಮ್ಮ ಜಿಲ್ಲೆಯಲ್ಲಿ ಒಂದೊಂದಾಗಿ ಲಾರಿ ಹತ್ತಿ ಹೋಗುತ್ತಿವೆ.

"ಒಳಗಿನಿಂದ ಎಲ್ಲಾ ನೋಡಿದ್ನಲೇ" ಎಂದರು ಮಾವ. "ಗುಂಡಿಗಿ, ನರ, ಕರುಳು, ಎಲ್ಲಾ. ಹೊರಗಿನಿಂದ ಇವತ್ತ ನೋಡಿದೆ."

ಅತ್ತೆ ನನ್ನ ಮುಖ ನೋಡಿದರು. ನಾನು ಜ್ವರದ ಮಾತ್ರೆ ಹುಡುಕಿದೆ.

ಮಾತ್ರೆಯಿಂದ ಇಳಿಯುವ ಜ್ವರವಲ್ಲ ಅದು! ಅದೇ ಗುಡ್ಡದ ಬುಡದಲ್ಲಿ ಒಬ್ಬ ಗುತ್ತಿಗೆದಾರನ ಕಲ್ಲಿನ ಕ್ವಾರಿ ಇತ್ತು, ಪಕ್ಕದಲ್ಲೇ ಕ್ರಷರ್. ಗುಡ್ಡವನ್ನು ಪೂರ್ತಿ ಅಗೆಯಲು ಅವನಿಗೆ ಪರವಾನಗಿ ಸಿಕ್ಕಿದೆ, ಬುಡ ಮುಗಿಸಿ ನೆತ್ತಿಗೆ ಬರುತ್ತಾನೆ ಎಂಬುದು ಮಾವನಿಗೆ ಗೊತ್ತಾಯಿತು. ಮಾವ ಅರ್ಜಿ ಬರೆದರು. ಒಂದು ಕಚೇರಿ ಇನ್ನೊಂದಕ್ಕೆ, ಇನ್ನೊಂದು ಮತ್ತೊಂದಕ್ಕೆ ಕಳಿಸಿ, ಕೊನೆಗೆ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು. ಯಾವಾಗ? ಏಪ್ರಿಲ್ ತಿಂಗಳಲ್ಲಿ, ಮಟಮಟ ಮಧ್ಯಾಹ್ನ! ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಕಪ್ಪೆ ಬಿಡಿ, ಕಾಗೆಯೂ ಹೊರಗೆ ಬರುವುದಿಲ್ಲ.

"ಕಪ್ಪಿ ಎಲ್ಲಿ ಅದಾವ್ರಿ?" ಎಂದು ಅಧಿಕಾರಿ ಬೆವರು ಒರೆಸಿಕೊಂಡರು.

"ನೀವು ಅವುಗಳ ಮ್ಯಾಲೆ ನಿಂತೀರಿ."

ಅಧಿಕಾರಿ ಹೌಹಾರಿ ಪಕ್ಕಕ್ಕೆ ಜಿಗಿದರು. ಆ ಜಿಗಿತ ನೋಡಿ ಮಾವನಿಗೆ ಕಪ್ಪೆ ಕಂಡಷ್ಟೇ ಖುಷಿಯಾಯಿತಂತೆ. ಆದರೆ ವರದಿಯಲ್ಲಿ, ಸದರಿ ಸ್ಥಳದಲ್ಲಿ ಕಪ್ಪೆಗಳು ಕಂಡುಬಂದಿರುವುದಿಲ್ಲ ಎಂದಿತ್ತು. "ಹಗಲಾಗ ಬಂದು ಮ್ಯಾಲೆ ನೋಡಿ ಚುಕ್ಕಿ ಇಲ್ಲ ಅಂತ ಬರದಾನ" ಎಂದು ಮಾವ ವಾರಗಟ್ಟಲೆ ಗೊಣಗಿದರು.

ಆ ವರ್ಷ ಜೂನ್ ಕಳೆದರೂ ಮಳೆ ಬರಲಿಲ್ಲ. ಮಳೆ ಬಾರದಿದ್ದರೆ ನಮ್ಮ ಕಡೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಆ ಊರಿನ ಹಿರಿಯರು, ಗುಡ್ಡದ ಮೇಲೆ ಕೊಡೆ ಹಿಡಿದು ಅಲೆಯುವ ಕಪ್ಪೆ ಮೇಷ್ಟ್ರ ವಿಳಾಸ ಹುಡುಕಿಕೊಂಡು ಗಾಂಧಿನಗರಕ್ಕೇ ಬಂದರು. ಮಾವ ಅವರನ್ನು ಕೂರಿಸಿ ಮೋಡ ಹೇಗಾಗುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಮದುವೆಗೂ ಮಳೆಗೂ ಯಾಕೆ ಸಂಬಂಧವಿಲ್ಲ ಎಂದು ಕಾಲೇಜಿನ ಒಂದು ಪೀರಿಯಡ್ಡಿನಷ್ಟು ಹೊತ್ತು ಪಾಠ ಮಾಡಿದರು. ಹಿರಿಯರು ತಲೆದೂಗುತ್ತ ಕೇಳಿದರು, ಚಹಾ ಕುಡಿದರು, ಬಸಿಯನ್ನು ಕೆಳಗಿಟ್ಟರು.

"ನೀವು ಹೇಳಿದ್ದೆಲ್ಲಾ ಖರೇ ಐತ್ರಿ ಸರ್" ಎಂದರು ಅವರಲ್ಲಿ ದೊಡ್ಡವರು. "ಹೆಣ್ಣಿನ ಕಡೆಯವರು ನೀವ ಆಗಬೇಕು."

ಮಾವ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಆಗ್ತೀವಿ ಅಂತ ಹೇಳ್ರಿ."

ಮಾವ ಅತ್ತೆಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಯಾರಿಗೂ ಧಾರೆ ಎರೆಯುವ ಪ್ರಸಂಗ ಬಂದಿರಲಿಲ್ಲ. ಅತ್ತೆ ಅಟ್ಟದಿಂದ ತಮ್ಮ ಮದುವೆಯ ಹಿತ್ತಾಳೆ ಕೊಡ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಲು ಕುಳಿತದ್ದನ್ನು ನೋಡಿ ಮಾವ ಮೋಡ, ಗಾಳಿ ಎಲ್ಲವನ್ನೂ ಬಿಟ್ಟು ಸುಮ್ಮನಾದರು.

ಸುಮ್ಮನಾದರು ಎಂದರೆ ಷರತ್ತು ಹಾಕದೇ ಬಿಟ್ಟರು ಎಂದಲ್ಲ! ಕಪ್ಪೆ ಚರ್ಮದಿಂದ ಉಸಿರಾಡುತ್ತದೆ, ಆದ್ದರಿಂದ ಅರಿಶಿನ ಕುಂಕುಮ ಏನಿದ್ದರೂ ಅದನ್ನು ಕೂರಿಸಿದ ಕೊಡಕ್ಕೇ, ತಾಳಿಯೂ ಕೊಡದ ಕೊರಳಿಗೇ. ಮೆರವಣಿಗೆ ನೆರಳಿನಲ್ಲಿ. ಬ್ಯಾಂಡು ದೂರದಲ್ಲಿ. ಚಪ್ಪರದ ಕೆಲಸ ನನ್ನ ಪಾಲಿಗೆ ಬಂತು. ನನ್ನ ಘಟಕದ ಹಿರಿಯ ದರ್ಜಿ ಮಾಸ್ಟರ್ ಉಳಿದ ಜೀನ್ಸ್ ತುಂಡುಗಳಲ್ಲಿ ಎರಡು ಕೊಡಗಳಿಗೆ ಸಾಲುವಂಥ ಪುಟ್ಟ ಚಪ್ಪರ ಹೊಲಿಯುತ್ತ, "ದುಲ್ಹನ್‌ದು ಅಳತಿ ಕೊಡ್ರಿ ಭಾಯ್, ಒಂದು ಜೇಬು ಇಡ್ತೀನಿ" ಎಂದರು. ಇಟ್ಟೂ ಬಿಟ್ಟರು.

ವಧು ದೊಣೆಯ ಅಂಚಿನ ತೇವದ ಸೀಳಿನಲ್ಲಿ ಸಿಕ್ಕಿತು. ವರ ಯಾರು? ಇಲ್ಲಿ ನೋಡಿ ಮಜಾ. ಕ್ವಾರಿಯ ಗುತ್ತಿಗೆದಾರ ತಾನೇ ಮುಂದೆ ಬಂದು, ಗಂಡಿನ ಕಡೆ ತಾನಾಗುತ್ತೇನೆ, ಊಟ ತನ್ನದು ಎಂದ. ಊರಲ್ಲಿ ಒಳ್ಳೆಯ ಹೆಸರು ಬರುತ್ತದೆ, ಫೋಟೋ ಬರುತ್ತದೆ, ಧೂಳಿನ ಬಗ್ಗೆ ಜನ ಸ್ವಲ್ಪ ದಿನ ಮರೆಯುತ್ತಾರೆ ಎಂಬುದು ಅವನ ಲೆಕ್ಕಾಚಾರ. ಅವನ ಆಳುಗಳು ಮೊದಲು ತಂದ ಕಪ್ಪೆಯನ್ನು ನೋಡಿ ಮಾವ, "ಇದು ಆಗೂದಿಲ್ಲ, ಜಾತಿ ಬ್ಯಾರೆ" ಎಂದು ವಾಪಸ್ ಕಳಿಸಿದರು. ಮನುಷ್ಯರ ಮದುವೆಯಲ್ಲಿ ಯಾರಾದರೂ ಜಾತಿ ಎಂದರೆ ಎಲೆ ಬಿಟ್ಟು ಎದ್ದು ಬರುವ ನಮ್ಮ ಮಾವ! ಕಡೆಗೆ ಕ್ವಾರಿಯ ಮೇಲಂಚಿನ ಬಂಡೆಸೀಳಿನಲ್ಲಿ ಸರಿಯಾದ ವರ ಸಿಕ್ಕ. ಹೆಣ್ಣು ಗಂಡಿಗಿಂತ ದೊಡ್ಡದಾಯಿತು ಎಂದು ಊರ ಹೆಂಗಸರು ಮೂಗು ಮುರಿದರು. "ನಮ್ಮ ಲಗ್ನದಾಗೂ ಹಂಗ ಇತ್ತು, ಏನಾತು?" ಎಂದರು ಅತ್ತೆ.

ತಮ್ಮ ಮದುವೆಯಲ್ಲಿ ಬಾಸಿಂಗ ಕಟ್ಟಿಕೊಳ್ಳುವುದಿಲ್ಲ, ಅದು ಮೂಢನಂಬಿಕೆ ಎಂದು ಹಠ ಹಿಡಿದಿದ್ದ ಮಾವ ಅಂದು ರುಮಾಲು ಸುತ್ತಿಕೊಂಡು ಬಂದಿದ್ದರು. ಧಾರೆ ಎರೆಯುವಾಗ ತಂಬಿಗೆಯ ನೀರನ್ನು ಕೊನೆಯ ಹನಿಯವರೆಗೂ ಸುರಿದರು. ಬೀಗರಿಬ್ಬರೂ ವೀಳ್ಯ ಬದಲಿಸಿಕೊಂಡು, ಟವೆಲು ಹೊದಿಸಿಕೊಂಡು ಅಪ್ಪಿಕೊಂಡರು. ಗುತ್ತಿಗೆದಾರ ನಗುತ್ತ ಫೋಟೋಗೆ ನಿಂತ. ಊರೆಲ್ಲ ಉಂಡಿತು. ಆಮೇಲೆ ಮಾವ, ಮಗಳನ್ನು ಬೇರೆ ಕಡೆ ಕಳಿಸುವುದಿಲ್ಲ, ಅಳಿಯನೇ ಬಂದು ಮನೆಯಳಿಯನಾಗಿ ಇರಲಿ ಎಂದರು. ಗಂಡಿನ ಕಡೆಯವರು ಆಗಲಿ ಎಂದರು. ಜೋಡಿಯನ್ನು ಗುಡ್ಡದ ಮೇಲೆ ಒಯ್ದು ದೊಣೆಯ ಅಂಚಿನ ತೇವದಲ್ಲಿ ಬಿಟ್ಟು ಬಂದೆವು. ಗುತ್ತಿಗೆದಾರ ಮಾಡಿಕೊಂಡ ತಪ್ಪು ಎಂಥದ್ದೆಂದು ಅವನಿಗೆ ಆಗ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಸಾಲ ತೀರಿಸಿ ಬಿಡಿಸಿಕೊಳ್ಳಬಹುದು, ಜಗಳವನ್ನು ಕೋರ್ಟಿನಲ್ಲಿ ಮುಗಿಸಬಹುದು. ಬೀಗತನದಿಂದ ಬಿಡುಗಡೆ ಎಲ್ಲಿದೆ?

ಮದುವೆಯಾದ ಕೆಲವೇ ದಿನಕ್ಕೆ ಸಿಡಿಮದ್ದು ತುಂಬಲು ಕಲ್ಲು ಕೊರೆಯುವ ಯಂತ್ರ ಗುಡ್ಡದ ನೆತ್ತಿಗೆ ಹೊರಟಿದೆ ಎಂಬ ಸುದ್ದಿ ಬಂತು. ಮಾವ ಅರ್ಜಿ ಬರೆಯಲಿಲ್ಲ. ಹಣ್ಣು, ಎಲೆ ಅಡಿಕೆ, ಹೊಸ ಟವೆಲು ತೆಗೆದುಕೊಂಡು ನನ್ನ ಕಾರಿನಲ್ಲಿ ನೇರ ಗುತ್ತಿಗೆದಾರನ ಮನೆಗೆ ಹೊರಟರು. ಅವನ ವಯಸ್ಸಾದ ತಾಯಿ ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದರು. "ಬೀಗರು ಬಂದಾರ, ನೀರು ತರ್ರಿ" ಎಂದು ಒಳಗೆ ಕೂಗಿ ಹೇಳಿದರು. ಕೆಲಸ ಅರ್ಧ ಆಗಿಹೋಯಿತೆಂದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ.

"ಬೀಗ್ರ, ಮಗಳ ಮನಿಗೆ ಮದ್ದು ಇಡಾಕ ಹೊಂಟೀರಂತಲ್ರಿ" ಎಂದರು ಮಾವ, ನೀರು ಕುಡಿದು.

ಗುತ್ತಿಗೆದಾರ ನಕ್ಕ. "ಸರ್, ಅದು ಮಳಿಗೋಸ್ಕರ ಮಾಡಿದ ಆಟ ಅಲ್ರಿ?"

"ಊರೆಲ್ಲಾ ಕುಂತು ಉಂಡೈತಿ. ಆಟಕ್ಕ ಉಂಡ್ರೇನು?"

"ಅಲ್ಲಿ ಛಲೋ ಕಲ್ಲು ಐತ್ರಿ ಸರ್. ಪರವಾನಗಿ ನನ್ನ ಹೆಸರಿಲೆ ಐತಿ."

ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. "ಯಾವ ಗುಡ್ಡ? ನಮ್ಮ ಹುಡುಗನ್ನ ಬಿಟ್ಟು ಬಂದಿದ್ದಲ್ಲೇನು?" ಎಂದು ಮುದುಕಿ ಮಗನನ್ನು ಕೇಳಿದರು. ಅವನು ಹೂಂಗುಟ್ಟಿದ. "ಕೈ ಎತ್ತಿ ಅಕ್ಷತಿ ಹಾಕೀನಿ ನಾನು. ಸೊಸಿ ತವರುಮನಿ ಸುಡೂ ಮನಿತನ ಅನ್ನಿಸ್ಕೋಬ್ಯಾಡಪಾ. ನಾ ಸತ್ತ ಮ್ಯಾಲೆ ಏನರ ಮಾಡ್ಕೋ." ಅಷ್ಟೇ. ಯಂತ್ರದ ಹುಡುಗರೂ ಮದುವೆ ಊಟ ಉಂಡವರೇ, ನೆತ್ತಿಗೆ ಏರಲು ಮೊದಲೇ ಹಿಂದೇಟು ಹಾಕುತ್ತಿದ್ದರು. ಮಾರನೆಯ ದಿನ ಯಂತ್ರ ಗುಡ್ಡದ ಇನ್ನೊಂದು ಮಗ್ಗುಲಿಗೆ ತಿರುಗಿತು. ಕಾನೂನು, ಕಚೇರಿ, ವರದಿ ಯಾವುದರಿಂದಲೂ ಆಗದ ಕೆಲಸ ಒಂದು ಹಿಡಿ ಅಕ್ಷತೆಯಿಂದ ಆಗಿತ್ತು!

ನಾನು ಕಾರಿನಲ್ಲಿ ಮಾವನನ್ನು ಹೊಗಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಗೆದ್ದಿಲ್ಲಲೇ. ಅರ್ಧ ಗುಡ್ಡ ಹೋಗ್ತೈತಿ. ಉಳದ ಅರ್ಧ ಆ ಮುದುಕಿ ಇರೂತನ" ಎಂದು ತಿದ್ದಿದರು.

ಮಳೆ ಕೊನೆಗೂ ಬಂತು. ಮದುವೆಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದನ್ನು ಮಾವ ನನಗೆ ಕಾರು ಹತ್ತುವ ಮೊದಲೂ, ಇಳಿದ ಮೇಲೂ ಹೇಳಿದರು. ಸಂಜೆ ಗುಡ್ಡ ಹತ್ತಿದೆವು. ದೊಣೆ ಹತ್ತಿರ ಬಂದಾಗ, "ಚಪ್ಪಲಿ ಬಿಟ್ಟು ಬಾ" ಎಂದರು. ದೇವರ ಗುಡಿಯ ಮುಂದೂ ಚಪ್ಪಲಿ ಬಿಡಲು ಒಂದು ನಿಮಿಷ ವಾದ ಮಾಡುವವರು! "ಕಾಲಾಗ ಸಿಗ್ತಾವಲೇ, ಅದಕ್ಕ" ಎಂದು ಕಾರಣವನ್ನೂ ಕೊಟ್ಟರು. ಬಂಡೆ ಇನ್ನೂ ಬಿಸಿಯಿತ್ತು. ಮಳೆ ಬಿದ್ದ ಬಂಡೆಯಿಂದ ಹಬೆ ಏಳುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಪಾದದ ಪಕ್ಕದ ಸೀಳಿನಲ್ಲಿ ಮಣ್ಣು ಅಲುಗಿತು. ಮೊದಲು ಒಂದು ಮೂಗು, ಆಮೇಲೆ ಬಂಗಾರದ ಅಂಚಿನ ಎರಡು ಕಣ್ಣು. ಮೈಮೇಲಿನ ಮಣ್ಣನ್ನೂ ಕೊಡವಿಕೊಳ್ಳದೆ ಅದು ಕುಳಿತು ಮಳೆಯನ್ನು ನೋಡಿತು. ಅದರಾಚೆ ಇನ್ನೊಂದು. ಮತ್ತೆ ನೋಡಿದರೆ ಬಂಡೆಯಿಡೀ ಕಣ್ಣುಗಳು. ಒಂದು ಕೂಗಿತು, ಇನ್ನೊಂದು ಉತ್ತರಿಸಿತು, ಆಮೇಲೆ ಯಾವುದು ಯಾವುದೆಂದು ತಿಳಿಯದಂತೆ ಇಡೀ ಗುಡ್ಡ ದನಿಯೆತ್ತಿತು. ಉಗುರಿನಷ್ಟು ಗಂಟಲಿನಿಂದ ಅಷ್ಟು ದೊಡ್ಡ ಸದ್ದು! ಆದಿಮಾನವರು ಸಂಗನಕಲ್ಲಿನಲ್ಲಿ ಕಲ್ಲುಕೊಡಲಿ ಮಸೆಯುತ್ತಿದ್ದಾಗಲೂ ಇವು ಹೀಗೇ ಎದ್ದು ಕೂಗಿರಬೇಕು. ಒಂದು ವರ್ಷ ಮಣ್ಣಿನೊಳಗೆ ಸದ್ದಿಲ್ಲದೆ ಕಾಯುವುದು, ಒಂದು ಮಳೆಯನ್ನು ನಂಬಿ! ಮಾವನನ್ನು ಹಾಸ್ಯ ಮಾಡಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು, ಒಂದೂ ಬಾಯಿಗೆ ಬರಲಿಲ್ಲ. ಆ ಹೊತ್ತಿನಿಂದ ನಾನು ಅವರ ಡ್ರೈವರು.

ಹೀಗೇ ಕೆಲವು ಮಳೆಗಾಲ ಕಳೆದವು. ಈ ವರ್ಷ ಚಳಿಗಾಲದಲ್ಲಿ ಗುತ್ತಿಗೆದಾರನ ತಾಯಿ ತೀರಿಕೊಂಡರು. ಮಾವ ಹೋಗಿ ಬೀಗರ ಮರ್ಯಾದೆಯಂತೆ ಮಣ್ಣು ಹಾಕಿ ಬಂದರು. ಬೇಸಿಗೆಯಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿಷ್ಯನೇ ಗುರುವನ್ನು ಕೊಯ್ದ. ಮಂಚ ಹಿಡಿದ ಮಾವ ಆಪರೇಷನ್ನಿನ ಗಾಯವನ್ನು ನೋಡಿ ಹೊಲಿಗೆ ಸ್ವಲ್ಪ ಸೊಟ್ಟಗಿದೆ ಎಂದು ತಿದ್ದಿದರು. ಆ ಬೇಸಿಗೆಯಲ್ಲಿ ಅದು ಅವರ ಕೊನೆಯ ತಮಾಷೆ. ಮೇ ಕೊನೆಯಲ್ಲಿ ಆ ಊರಿನಿಂದ ಯಾರೋ ಫೋನ್ ಮಾಡಿ, ಯಂತ್ರ ಮತ್ತೆ ನೆತ್ತಿಯ ಕಡೆ ಹೊರಟಿದೆ, ದಾರಿ ಮಾಡುತ್ತಿದ್ದಾರೆ ಎಂದರು. ಅವತ್ತಿನಿಂದ ಮಾವ ಊಟ ಬಿಟ್ಟರು. ಪೇಪರು ಓದಿದರೂ ತಿದ್ದಲಿಲ್ಲ. ಅತ್ತೆ ಬೇಕೆಂದೇ ಏನಾದರೊಂದು ತಪ್ಪು ಹೇಳಿ ನೋಡಿದರು, ಅದಕ್ಕೂ ಬಾಯಿ ತೆರೆಯಲಿಲ್ಲ. ನಾನು ಹೋಗಿ ನೋಡಿ ಬರುತ್ತೇನೆಂದರೆ, "ಬ್ಯಾಡ" ಎಂದರು. ದೊಣೆ ಇಲ್ಲ ಎಂಬ ಸುದ್ದಿಯನ್ನು ನನ್ನ ಬಾಯಿಂದ ಕೇಳಲು ಅವರಿಗೆ ಧೈರ್ಯವಿರಲಿಲ್ಲ. ನಿಜ ಹೇಳಬೇಕೆಂದರೆ ತಂದು ಹೇಳಲು ನನಗೂ ಇರಲಿಲ್ಲ.

ಜೂನಿನ ಒಂದು ಸಂಜೆ ಬಳ್ಳಾರಿಗೆ ಮಳೆ ಬಂತು. ನಾವು ಮೂವರೂ ಕಿಟಕಿಯ ಕಡೆ ನೋಡದೆ ಕುಳಿತಿದ್ದೆವು. ಮಾವನ ಫೋನು ರಿಂಗಾಯಿತು. ಗುತ್ತಿಗೆದಾರನ ಹೆಸರು. ಮಾವ ಎತ್ತಲಿಲ್ಲ. ಮತ್ತೆ ರಿಂಗಾಯಿತು. ಅತ್ತೆ ಎತ್ತಿ, ಸ್ಪೀಕರ್ ಒತ್ತಿ, ಮಾವನ ಎದೆಯ ಮೇಲೆ ಇಟ್ಟರು.

"ಬೀಗ್ರ" ಎಂದ ಆಚೆಯಿಂದ. ಏದುಸಿರು ಬಿಡುತ್ತಿದ್ದ. "ಗುಡ್ಡ ಹತ್ತಿ ಬಂದೀನ್ರಿ. ಯಂತ್ರ ಕೆಳಗ ಇಳಿಸೀನಿ. ಆಗಲಿಲ್ಲರಿ ನನ್ನ ಕೈಲೆ, ಅವ್ವ ಅಕ್ಷತಿ ಹಾಕಿದ್ದು ಕಣ್ಣಿಗೆ ಕಟ್ಟತೈತಿ. ಕೇಳ್ರಿ, ನಿಮ್ಮ ಮಗಳು ಕೂಗಾಕ ಹತ್ಯಾಳ."

ಆಮೇಲೆ ಅವನ ಮಾತು ನಿಂತು, ಮಳೆಯ ಸದ್ದಿನ ನಡುವಿನಿಂದ ಅವುಗಳ ದನಿ ಬಂತು. ಒಂದು, ಇನ್ನೊಂದು, ಆಮೇಲೆ ಇಡೀ ಗುಡ್ಡ.

ಹೆಣ್ಣುಕಪ್ಪೆ ಹಾಗೆ ಕೂಗುವುದಿಲ್ಲ. ಮಳೆ ಬಂದಾಗ ಕರೆಯುವುದೆಲ್ಲ ಗಂಡು. ಇಷ್ಟು ವರ್ಷ ಮಾವನ ಜೊತೆ ತಿರುಗಿದ ನನಗೂ ಅದು ಗೊತ್ತು, ಅತ್ತೆಗೂ ಗೊತ್ತು. ಈಗ ತಿದ್ದುತ್ತಾರೆ ಎಂದು ನಾವಿಬ್ಬರೂ ಮಾವನ ಮುಖ ನೋಡಿದೆವು. ಅವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ಹೌದ್ರಿ ಬೀಗ್ರ, ಆಕೀನ" ಎಂದರು ಮಾವ. "ದನಿ ಗುರುತು ಸಿಕ್ತು ನನಗ."

ಅತ್ತೆ ಮಂಚದ ಅಂಚಿಗೆ ಬಂದು ಕುಳಿತು ಫೋನಿನ ಕಡೆ ಬಗ್ಗಿದರು. "ಏನಂತಾಳ್ರಿ?" ಎಂದು ಮೆಲ್ಲಗೆ ಕೇಳಿದರು.

"ಆರಾಮ ಅದೀನಿ ಅಂತಾಳ."